ಸ್ಲೀಮನ್ ಸಾಹೇಬನ ಜಾಡಿನಲ್ಲಿ: ನರಸಿಂಗಪುರದಿಂದ ಲಖನೌವರೆಗೆ

ಮಧ್ಯಪ್ರದೇಶದ ಕಟನಿ ಜಿಲ್ಲೆಯಲ್ಲಿ, ಜಬಲ್ಪುರದಿಂದ ಕಟನಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ಸ್ಲೀಮನಾಬಾದ್ ಎಂಬ ಊರಿದೆ. ಕಂಪನಿ ಸರ್ಕಾರದ ಅಧಿಕಾರಿಯೊಬ್ಬನ ಹೆಸರನ್ನು ಇಂದಿಗೂ ಬದಲಿಸದೆ ಇಟ್ಟುಕೊಂಡಿರುವ ಊರು ಅದು. ಆ ಅಧಿಕಾರಿ ವಿಲಿಯಂ ಹೆನ್ರಿ ಸ್ಲೀಮನ್. 1788ರ ಆಗಸ್ಟ್ 8ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಸ್ಟ್ರಾಟನ್‌ನಲ್ಲಿ ಹುಟ್ಟಿದ ಆತ 1809ರಲ್ಲಿ ಬಂಗಾಳ ಸೇನೆಗೆ ಸೇರಿದ. ನೇಪಾಳ ಯುದ್ಧದಲ್ಲಿ ತಗುಲಿಕೊಂಡ ಕಾಡುಜ್ವರ ಆತನನ್ನು ಕೊನೆಯವರೆಗೂ ಬಿಡಲಿಲ್ಲ. 1820ರಲ್ಲಿ ಸೇನೆಯಿಂದ ಆಡಳಿತಕ್ಕೆ ಬಂದು, ಮುಂದೆ ದಾರಿಹೋಕರ ಕೊರಳಿಗೆ ರುಮಾಲು ಬಿಗಿದು ಕೊಂದು ದೋಚುತ್ತಿದ್ದ ಠಗ್ಗರನ್ನು ಹತ್ತಿಕ್ಕುವ ಇಲಾಖೆಯನ್ನೇ ಕಟ್ಟಿದ.

ಈ ಪ್ರಯಾಣದಲ್ಲಿ ನನ್ನ ಜೊತೆಗಿದ್ದವರು ನನ್ನ ಅಕ್ಕನ ಗಂಡ. ಕರ್ನಾಟಕ ಪೊಲೀಸ್ ಇಲಾಖೆಯಲ್ಲಿ ಸರ್ಕಲ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ದೇವಸ್ಥಾನ, ಜಲಪಾತಗಳಿಗಿಂತ ಹಳೆಯ ಕೇಸುಗಳಲ್ಲಿ ಅವರಿಗೆ ಹೆಚ್ಚು ಆಸಕ್ತಿ. “ಠಗ್ಗರ ಇಲಾಖೆ ಎಂದರೆ ನಮ್ಮ ಗುಪ್ತಚರ ಇಲಾಖೆಯ ಅಜ್ಜಿಮನೆ ಕಣಪ್ಪಾ” ಎಂದು ಅವರೇ ನನ್ನನ್ನು ಹೊರಡಿಸಿದರು. ಮಾತು ಸುಳ್ಳಲ್ಲ. ಆ ಇಲಾಖೆಯನ್ನು 1904ರಲ್ಲಿ ಮುಚ್ಚಿ ಅದರ ಜಾಗದಲ್ಲಿ ಕೇಂದ್ರದ ಅಪರಾಧ ಗುಪ್ತಚರ ಇಲಾಖೆಯನ್ನು ತೆರೆದರು. ನಾವು ಹೊರಟದ್ದು ಜನವರಿಯಲ್ಲಿ. ಹಗಲಿಗೆ ಹಿತವಾದ ಬಿಸಿಲಿರುತ್ತದೆ, ಆದರೆ ಬೆಂಗಳೂರಿನ ಚಳಿಯ ಲೆಕ್ಕದಲ್ಲಿ ಬಟ್ಟೆ ಕಟ್ಟಿಕೊಂಡು ಹೋದರೆ ಬೆಳಗಿನ ಜಾವ ನಡುಗಬೇಕಾಗುತ್ತದೆ.

ಮೊದಲ ದಿನ: ನರಸಿಂಗಪುರ

ಜಬಲ್ಪುರದಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಇಟಾರ್ಸಿ ಕಡೆಗೆ ಹೋಗುವ ರೈಲು ಹತ್ತಿದೆವು. ಸ್ಲೀಮನ್ ಜಬಲ್ಪುರಕ್ಕೆ ಬಂದದ್ದು 1828ರಲ್ಲಿ. ಅದಕ್ಕೂ ಮುಂಚೆ, 1822ರಿಂದ 1824ರವರೆಗೆ, ಆತ ನರಸಿಂಗಪುರ ಜಿಲ್ಲೆಯ ಹೊಣೆ ಹೊತ್ತಿದ್ದ. ತನ್ನ ಬದುಕಿನಲ್ಲೇ ಅತಿ ಹೆಚ್ಚು ದುಡಿದ ವರ್ಷಗಳು ಅವೆಂದು ಮುಂದೆ ಬರೆದುಕೊಂಡಿದ್ದಾನೆ. ಹೀಗಾಗಿ ನಾವೂ ಅಲ್ಲಿಂದಲೇ ಶುರುಮಾಡುವುದೆಂದು ತೀರ್ಮಾನಿಸಿದ್ದೆವು.

ನರ್ಮದೆಯ ಈ ಕಣಿವೆಯ ಮಣ್ಣು ಕಪ್ಪು, ನಮ್ಮ ಧಾರವಾಡ-ಗದಗದ ಎರೆಭೂಮಿಯ ಬಣ್ಣದ್ದು. ರೈಲಿನ ಕಿಟಕಿಯಿಂದ ಕಡಲೆ, ತೊಗರಿ, ನಡುನಡುವೆ ಕಬ್ಬು ಕಾಣುತ್ತವೆ. ಈ ಜಿಲ್ಲೆಯ ಗಾಡರವಾರಾದ ತೊಗರಿಬೇಳೆಗೂ ಕರೇಲಿಯ ಬೆಲ್ಲಕ್ಕೂ ದೂರದೂರದವರೆಗೆ ಹೆಸರಿದೆ. ನರಸಿಂಗಪುರದಲ್ಲಿ ಇಳಿದು ನರಸಿಂಹ ದೇವರಿಗೆ ಕೈಮುಗಿದೆವು. ಊರಿಗೆ ಹೆಸರು ಬಂದದ್ದೇ ಆ ದೇವಸ್ಥಾನದಿಂದ. ಅಲ್ಲಿಂದ ಆಟೋ ಹಿಡಿದು ಕಂದೇಲಿಗೆ ಹೋದೆವು.

ಕಂದೇಲಿ ಈಗ ನರಸಿಂಗಪುರದ ಒಂದು ಬಡಾವಣೆ. ಸ್ಲೀಮನ್ನನ ಕಾಲದಲ್ಲಿ ಅದು ಪ್ರತ್ಯೇಕ ಹಳ್ಳಿ. ಜಿಲ್ಲೆಯಲ್ಲಿ ನಡೆಯುವ ಸಣ್ಣ ಕಳ್ಳತನವೂ ತನಗೆ ತಿಳಿಯದೆ ಇರುವುದಿಲ್ಲ, ಪುಂಡರೆಲ್ಲರ ಚರಿತ್ರೆಯೂ ತನಗೆ ಗೊತ್ತು ಎಂಬ ನಂಬಿಕೆ ಆಗ ಆತನಿಗಿತ್ತು. ವರ್ಷಗಳ ನಂತರ ಸೆರೆಸಿಕ್ಕ ಠಗ್ಗರು ಬಾಯಿಬಿಟ್ಟಾಗ ಹೊರಬಂದ ಸಂಗತಿಯೇ ಬೇರೆ. ಆತನ ಕಚೇರಿಯಿಂದ 400 ಗಜ ದೂರವೂ ಇಲ್ಲದ ಕಂದೇಲಿಯಲ್ಲೇ ಠಗ್ಗರ ಗುಂಪೊಂದು ಮನೆಮಾಡಿಕೊಂಡಿತ್ತು. ಸಾಗರ-ಭೋಪಾಲ ದಾರಿಯಲ್ಲಿ ಒಂದೇ ದಿನದ ನಡಿಗೆಯಷ್ಟು ದೂರದಲ್ಲಿದ್ದ ಮಂಡೇಸರದ ಮರದ ತೋಪುಗಳು ಇಡೀ ದೇಶದಲ್ಲೇ ಅತಿ ದೊಡ್ಡ ಕೊಲೆತಾಣಗಳಲ್ಲಿ ಒಂದಾಗಿದ್ದವು. ಇದನ್ನು ಆತ ಮುಚ್ಚಿಡಲಿಲ್ಲ, ಅಚ್ಚು ಹಾಕಿಸಿದ ತನ್ನ ಪುಸ್ತಕದಲ್ಲಿ ತಾನೇ ಬರೆದ.

ಕಂದೇಲಿಯ ಚಹಾ ಅಂಗಡಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೆ ಭಾವ ಈ ಕಥೆಯನ್ನು ತಮ್ಮ ದಖನಿ ಹಿಂದಿಯಲ್ಲಿ ಹೇಳಿದರು. ಎಲ್ಲರೂ ‘ಕಕ್ಕಾ’ ಎಂದು ಕರೆಯುತ್ತಿದ್ದ ಆ ಮುದುಕರು ಪೂರ್ತಿ ಕೇಳಿಸಿಕೊಂಡು, “ಊರಿನಲ್ಲಿ ಯಾರು ಏನು ಎಂಬುದು ಊರಿನವರಿಗೆ ಗೊತ್ತಿರುತ್ತದೆ ಸಾಹೇಬರೇ. ಕಚೇರಿಯವರು ಕೇಳಿರಲಿಕ್ಕಿಲ್ಲ” ಎಂದರು. ಭಾವನವರಿಗೆ ಈ ಉತ್ತರ ಹಿಡಿಸಿತು, ಆದರೂ ಪೂರ್ತಿ ಒಪ್ಪಲಿಲ್ಲ. ಸ್ಲೀಮನ್ ತಾನಿದ್ದಾಗ ಕಂಡದ್ದಲ್ಲ ಅದು, ಸೆರೆಯಲ್ಲಿದ್ದವರು ಹೇಳಿದ್ದು ಎಂಬುದನ್ನು ಅವರು ಬೆರಳು ಮಡಿಚಿ ನೆನಪಿಟ್ಟುಕೊಂಡರು. ಮುಂದಿನ ದಾರಿಯುದ್ದಕ್ಕೂ ನಮ್ಮ ಚರ್ಚೆ ಇದೇ ಎಳೆಯ ಮೇಲೆ ಸಾಗಿತು.

ಮಧ್ಯಾಹ್ನ ಕರೇಲಿಯ ದಾರಿಯಲ್ಲಿ ಒಂದು ಆಲೆಮನೆಯ ಬಳಿ ನಿಂತೆವು. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ನೊರೆ ತೆಗೆಯುವವನು ಉದ್ದ ಹಿಡಿಯ ಜಾಲರಿಯಿಂದ ಮೇಲಿನ ಮಡ್ಡಿಯನ್ನು ಬದಿಗೆ ಎಳೆಯುತ್ತಿದ್ದ. ಕೇಳದೆಯೇ ಮುತ್ತುಗದ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿ ಕೊಟ್ಟರು. ಸ್ಲೀಮನ್ನನಿಗೂ ಕಬ್ಬಿಗೂ ನಂಟಿದೆ. ಮಾರಿಷಸ್‌ನಿಂದ ಒಟಾಹೀಟಿ ತಳಿಯ ಕಬ್ಬನ್ನು ಜಬಲ್ಪುರ ಸೀಮೆಗೆ ತರಿಸಿ ಬೆಳೆಸಿದವನು ಆತ. 1829ರಲ್ಲಿ ಜಬಲ್ಪುರದಲ್ಲಿ ಆತ ಮದುವೆಯಾದ ಅಮೇಲಿಯೂ ಮಾರಿಷಸ್‌ನ ಫ್ರೆಂಚ್ ಮನೆತನದ ಹುಡುಗಿ. ಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗ ಠಗ್ಗರ ಇನ್ನೊಂದು ಮಾತನ್ನು ಭಾವನವರಿಗೆ ಹೇಳಿದೆ. ಕೊಲೆಯಾದ ಮೇಲೆ ಅವರು ದೇವಿಗೆ ಬೆಲ್ಲ ನೈವೇದ್ಯ ಮಾಡಿ ಹಂಚಿಕೊಳ್ಳುತ್ತಿದ್ದರಂತೆ. ಆ ಬೆಲ್ಲವನ್ನು ಒಮ್ಮೆ ತಿಂದವನು ಎಂಥ ಸಿರಿವಂತನಾಗಿದ್ದರೂ ಠಗ್ಗನೇ ಆಗುತ್ತಾನೆ ಎಂದು ಫಿರಂಗಿಯಾ ಎಂಬ ಠಗ್ಗರ ಜಮಾದಾರ ಸ್ಲೀಮನ್ನನಿಗೆ ಹೇಳಿದ್ದ. ಭಾವ ಒಂದು ಕ್ಷಣ ಎಲೆಯನ್ನು ನೋಡಿ, “ಇದಕ್ಕೆ ದುಡ್ಡು ಕೊಟ್ಟೇ ತಿನ್ನೋಣ” ಎಂದು ಎರಡು ಕಿಲೋ ಕಟ್ಟಿಸಿದರು. ಕೊಳ್ಳುವವರು ಹೊಳೆಯುವ ಹಳದಿ ಅಚ್ಚುಗಳನ್ನು ಬಿಟ್ಟು ಕಂದುಬಣ್ಣದವನ್ನು ಆರಿಸಿಕೊಳ್ಳುವುದು ವಾಸಿ, ರುಚಿ ಅದರಲ್ಲಿದೆ.

ಊಟಕ್ಕೆ ಗಕ್ಕಡ್-ಭರ್ತಾ ಸಿಕ್ಕಿತು. ಬೆರಣಿಯ ಕೆಂಡದಲ್ಲಿ ಸುಟ್ಟ ದಪ್ಪ ಗೋಧಿ ರೊಟ್ಟಿ, ಸುಟ್ಟ ಬದನೆಕಾಯಿಯ ಎಣ್ಣೆಗಾಯಿಯಲ್ಲದ ಒಣ ಪಲ್ಯ, ಮೇಲೆ ತುಪ್ಪ. ತಿಂದ ಮೇಲೆ ಜಬಲ್ಪುರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಇಬ್ಬರಿಗೂ ಎಚ್ಚರವಿರಲಿಲ್ಲ.

ಎರಡನೆಯ ದಿನ: ಗೋಪಾಲಪುರ ಮತ್ತು ಗುರಂದಿ

ಜಬಲ್ಪುರದಲ್ಲಿ ಬಾಡಿಗೆ ಸ್ಕೂಟರ್ ತೆಗೆದುಕೊಂಡು ನರ್ಮದೆಯ ದಂಡೆ ಹಿಡಿದೆವು. ಊರಿಗೆ ಬಂದವರೆಲ್ಲ ಭೇಡಾಘಾಟ್‌ಗೆ ಹೋಗಿ ಧುಂವಾಧಾರ್ ಜಲಪಾತ ನೋಡುತ್ತಾರೆ, ನಾವೂ ನೋಡಿದೆವು. ಬೆಳಿಗ್ಗೆ ಬೇಗ ಹೋದರೆ ಜನಜಂಗುಳಿಯಿಲ್ಲದೆ ನೀರಿನ ಹೊಗೆಯನ್ನು ನೋಡಬಹುದು. ಆದರೆ ಹೊರಟಿದ್ದು ಅದಕ್ಕಲ್ಲ, ಲಮೇಟಾಘಾಟ್‌ನ ಕಡೆಗಿರುವ ಗೋಪಾಲಪುರಕ್ಕೆ. ಆ ದಾರಿಯಲ್ಲಿ ಸ್ಕೂಟರಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಹಾಕುವ ಹುಡುಗ ಟ್ಯೂಬನ್ನು ಹೊರಗೆಳೆದು, ಅದರಲ್ಲಿ ಮೊದಲೇ ಇದ್ದ ತೇಪೆಗಳನ್ನು ಒಂದೊಂದಾಗಿ ನಮಗೆ ತೋರಿಸಿ, ಬಾಡಿಗೆಗೆ ಕೊಟ್ಟವರ ಬಗ್ಗೆ ತನ್ನ ಅಭಿಪ್ರಾಯವನ್ನೂ ಹೇಳಿದ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ. ಗೋಪಾಲಪುರದ ಘಾಟಿಗೆ ಎಂದಾಗ, ಪರಿಕ್ರಮವಾಸಿಗಳೇ ಎಂದು ವಿಚಾರಿಸಿದ. ನರ್ಮದೆಯ ಪರಿಕ್ರಮ, ಅಂದರೆ ನದಿಗೆ ಪ್ರದಕ್ಷಿಣೆ, ಮಾಡುವವರಿಗೆ ಇಲ್ಲಿ ಯಾರೂ ಸುಮ್ಮನೆ ಹೋಗಗೊಡುವುದಿಲ್ಲ, ಚಹಾವನ್ನಾದರೂ ಕುಡಿಸುತ್ತಾರೆ. ನಾವು ಅಲ್ಲವೆಂದು ಹೇಳಿದರೂ ಚಹಾ ತರಿಸಿದ.

ಗೋಪಾಲಪುರದಲ್ಲಿ ನದಿ ಬಂಡೆಗಳ ನಡುವೆ ಸದ್ದಿಲ್ಲದೆ ಹರಿಯುತ್ತದೆ. 1829ರ ನವೆಂಬರ್ 24ರಂದು ಇಲ್ಲಿ ಉಮೇದ್ ಸಿಂಗ್ ಉಪಾಧ್ಯಾಯ ಎಂಬ ಬ್ರಾಹ್ಮಣ ತೀರಿಕೊಂಡ. ಸಹಗಮನಕ್ಕೆ ನೆರವಾಗುವವರನ್ನು ಶಿಕ್ಷಿಸುವುದಾಗಿ ಸ್ಲೀಮನ್ ತನ್ನ ಸ್ವಂತ ಹೊಣೆಯ ಮೇಲೆ 1828ರಲ್ಲೇ ಡಂಗುರ ಸಾರಿಸಿದ್ದ. ಹಾಗಾಗಿ ಅರುವತ್ತೈದು ದಾಟಿದ ಆ ವಿಧವೆಗೆ ಅನುಮತಿ ನಿರಾಕರಿಸಿದ. ಗಂಡನ ಚಿತೆ ಉರಿದ ಜಾಗದ ಬಳಿಯ ಬರಿಬಂಡೆಯ ಮೇಲೆ ಆಕೆ ಅನ್ನ ನೀರು ಬಿಟ್ಟು ಕುಳಿತಳು. ಬಳೆ ಒಡೆದುಕೊಂಡು ಕೆಂಪು ಬಟ್ಟೆ ಸುತ್ತಿಕೊಂಡದ್ದರಿಂದ ಕುಲದವರ ಪಾಲಿಗೆ ಆಕೆ ಆಗಲೇ ಸತ್ತವಳು. ನಾಲ್ಕು ದಿನವಾದ ಮೇಲೆ ಸ್ಲೀಮನ್ ಕುದುರೆ ಏರಿ ಬಂದ. ಮನೆ ಕಟ್ಟಿಸಿಕೊಡುತ್ತೇನೆ, ಬದುಕಿಗೆ ವರ್ಷಾಶನ ಕೊಡಿಸುತ್ತೇನೆ ಎಂದ. ಮಕ್ಕಳ ಮರ್ಯಾದೆಯ ಮಾತನ್ನೂ ಎತ್ತಿದ. ತನ್ನ ಜೀವ ಐದು ದಿನದ ಹಿಂದೆಯೇ ಗಂಡನ ಜೀವದೊಡನೆ ಸೂರ್ಯನ ಬಳಿ ಸೇರಿದೆ, ಇಲ್ಲಿರುವುದು ಮಣ್ಣು ಮಾತ್ರ ಎಂದು ಆಕೆ ಉತ್ತರಿಸಿದಳು. ಕೊನೆಗೆ ಆತ ಸೋತು ಒಪ್ಪಿದ, ಆಕೆ ಅದೇ ದಿನ ಚಿತೆಗೇರಿದಳು. ಗವರ್ನರ್ ಜನರಲ್ ಬೆಂಟಿಂಕನ ಸಹಗಮನ ನಿಷೇಧದ ಕಾಯ್ದೆ ಹೊರಬಿದ್ದದ್ದು ಡಿಸೆಂಬರ್ 4ರಂದು. ಒಂದು ವಾರದ ಅಂತರ.

ತಾನು ಒಪ್ಪಿದ್ದನ್ನು ಸ್ಲೀಮನ್ ವಿವರವಾಗಿ, ಬಹುಮಟ್ಟಿಗೆ ಗೌರವದಿಂದ ಬರೆದಿದ್ದಾನೆ. ಆ ಬರಹವನ್ನು ಓದಿದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಆಕೆಯ ಮಾತಿನ ಘನತೆಯನ್ನು ಅಷ್ಟು ಚೆನ್ನಾಗಿ ದಾಖಲಿಸಿದವನು, ಆಕೆ ಬದುಕಿ ಮನೆಗೆ ಹೋಗಿದ್ದರೆ ಮನೆಯವರು ಹೇಗೆ ನಡೆಸಿಕೊಳ್ಳುತ್ತಿದ್ದರು ಎಂಬುದನ್ನು ಅಷ್ಟೇ ಆಳವಾಗಿ ವಿಚಾರಿಸಬಹುದಿತ್ತು. ಭಾವನವರ ಯೋಚನೆ ಬೇರೆ ದಿಕ್ಕಿನದು. ಕಾನೂನಿನ ಬೆಂಬಲವಿಲ್ಲದೆ, ಮೇಲಿನವರ ಆದೇಶವಿಲ್ಲದೆ, ಕಿರಿಯ ಅಧಿಕಾರಿಯೊಬ್ಬ ನಾಲ್ಕು ದಿನ ತಡೆದದ್ದೇ ದೊಡ್ಡದು ಎಂದರು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳನ್ನು ಸತಿಯ ಗುಡಿ ಎಲ್ಲಿದೆ ಎಂದು ಕೇಳಿದಾಗ, “ಯಾವ ಸತಿ ಭಯ್ಯಾ? ನದಿಯ ದಂಡೆಯಲ್ಲಿ ಎಷ್ಟೋ ಇವೆ” ಎಂದು ಮತ್ತೆ ಬಟ್ಟೆಗೆ ಬಾಗಿದಳು.

ಊರಿಗೆ ಮರಳುವಾಗ ಸೇನೆಯ ಕಂಟೋನ್ಮೆಂಟಿನ ಪಕ್ಕದ ಬಡಾ ಸಿಮ್ಲಾ ಗುಡ್ಡವನ್ನು ದೂರದಿಂದ ನೋಡಿದೆವು. 1828ರಲ್ಲಿ ಸ್ಲೀಮನ್ ಇಲ್ಲಿ ಕಲ್ಲಾಗಿ ಹೋಗಿದ್ದ ದೊಡ್ಡ ಮೂಳೆಗಳನ್ನು ಹೆಕ್ಕಿದ್ದ. ಆಗಿನ್ನೂ ಡೈನೋಸಾರ್ ಎಂಬ ಪದವೇ ಹುಟ್ಟಿರಲಿಲ್ಲ. 1877ರಲ್ಲಿ ಲೈಡೆಕ್ಕರ್ ಎಂಬ ಪಳೆಯುಳಿಕೆ ತಜ್ಞ ಆ ಜೀವಿಗೆ ಟೈಟಾನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ಸುತ್ತಲೂ ರಕ್ಷಣಾ ಇಲಾಖೆಯ ಜಾಗಗಳಿರುವುದರಿಂದ ಕ್ಯಾಮೆರಾ ಹಿಡಿದು ಅಲ್ಲಿ ಅಡ್ಡಾಡದಿರುವುದು ಒಳ್ಳೆಯದು.

ಸಂಜೆ ಗುರಂದಿ ಬಜಾರಿನಲ್ಲಿದ್ದೆವು. ವಾಹನಗಳ ಹಳೆಯ ಬಿಡಿಭಾಗಗಳು ಗುಡ್ಡೆಬಿದ್ದಿರುವ, ಗ್ರೀಸಿನ ವಾಸನೆಯ ಗಲ್ಲಿಗಳು. ಕೊಲೆಯನ್ನು ಒಪ್ಪಿಕೊಂಡು ಜೊತೆಗಾರರ ವಿರುದ್ಧ ಸಾಕ್ಷಿ ಹೇಳಿದ ಠಗ್ಗರನ್ನು ಕುಟುಂಬ ಸಮೇತ ಇಟ್ಟಿದ್ದು ಈ ಭಾಗದಲ್ಲಿ. ನಮ್ಮಲ್ಲಿ ಅಂಥವರಿಗೆ ಮಾಫಿ ಸಾಕ್ಷಿ ಎನ್ನುತ್ತಾರೆ. ಅವರ ಜೀವ ಉಳಿಯಿತು, ಬಿಡುಗಡೆ ಮಾತ್ರ ಎಂದೂ ಸಿಗಲಿಲ್ಲ. 1830ರ ದಶಕದ ಕೊನೆಗೆ ಅವರಿಗಾಗಿ ತೆರೆದ ಕೈಗಾರಿಕಾ ಶಾಲೆಯಲ್ಲಿ ಅವರೂ ಅವರ ಮಕ್ಕಳೂ ಜಮಖಾನ ನೇಯ್ದರು, ಡೇರೆ ಹೊಲಿದರು. ಜಬಲ್ಪುರದ ಡೇರೆಗಳಿಗೆ ಆ ಕಾಲದಲ್ಲಿ ಒಳ್ಳೆಯ ಹೆಸರಿತ್ತು.

ಸ್ಲೀಮನ್ನನ ಇಡೀ ಕಟ್ಟಡ ನಿಂತದ್ದು ಈ ಮಾಫಿ ಸಾಕ್ಷಿಗಳ ಮೇಲೆ. 1835ರಲ್ಲಿ ಆತ ಠಗ್ಗರ ದಮನದ ಮುಖ್ಯ ಮೇಲ್ವಿಚಾರಕನಾದ. ಒಬ್ಬ ಹೇಳಿದ ಹೆಸರುಗಳನ್ನು ಇನ್ನೊಬ್ಬನ ಹೇಳಿಕೆಯೊಡನೆ ತಾಳೆ ನೋಡಿ, ವಂಶವೃಕ್ಷ ಬರೆದು, ನಕ್ಷೆಯ ಮೇಲೆ ಕೊಲೆತಾಣಗಳನ್ನು ಗುರುತಿಸಿ, ಹೆಣ ಹೂತ ಜಾಗಗಳನ್ನು ಅಗೆಸಿದ. ಬೇರೆ ಬೇರೆ ಜೈಲುಗಳಲ್ಲಿದ್ದವರ ಹೇಳಿಕೆಗಳನ್ನು ಹೀಗೆ ಹೊಂದಿಸುವ ಕೆಲಸವನ್ನು ಭಾವ ಬಾಯ್ತುಂಬ ಹೊಗಳಿದರು. ಆದರೆ 1836ರ 30ನೆಯ ಕಾಯ್ದೆಯ ಬಗ್ಗೆ ಹೇಳಿದಾಗ ಅವರ ಮುಖ ಬದಲಾಯಿತು. ಕಾಯ್ದೆ ಜಾರಿಗೆ ಬರುವ ಮುಂಚೆಯಾಗಲಿ ನಂತರವಾಗಲಿ, ಕಂಪನಿಯ ಸೀಮೆಯಲ್ಲಾಗಲಿ ಹೊರಗಾಗಲಿ, ಠಗ್ಗರ ಗುಂಪಿಗೆ ಸೇರಿದ್ದನೆಂದು ಸಾಬೀತಾದರೆ ಸಾಕು, ಕಠಿಣ ದುಡಿಮೆಯೊಡನೆ ಜೀವಾವಧಿ ಸೆರೆ. ಯಾವ ಕೊಲೆ, ಯಾವ ದಿನ, ಯಾರು ಸತ್ತರು ಎಂಬುದು ಬೇಕಿಲ್ಲ. ಮರುವರ್ಷದ ಇನ್ನೊಂದು ಕಾಯ್ದೆಯಿಂದ ಶಿಕ್ಷೆಗೆ ಗುರಿಯಾದ ಅಪರಾಧಿಯ ಸಾಕ್ಷಿಯೂ ಸಲ್ಲುವಂತಾಯಿತು. ಆರೋಪಿಗಳ ಪರವಾಗಿ ವಾದಿಸಲು ವಕೀಲರಿರಲಿಲ್ಲ.

“ನನ್ನ ಸರ್ವೀಸಿನಲ್ಲಿ ಮಾಫಿ ಸಾಕ್ಷಿಯನ್ನೊಂದೇ ನಂಬಿ ಚಾರ್ಜ್‌ಶೀಟ್ ಹಾಕಿದ್ದರೆ ಜಡ್ಜ್ ಸಾಹೇಬರು ನನ್ನನ್ನೇ ಕಟಕಟೆಗೆ ನಿಲ್ಲಿಸುತ್ತಿದ್ದರು” ಎಂದರು ಭಾವ. “ತನ್ನ ತಲೆ ಉಳಿಸಿಕೊಳ್ಳಬೇಕಾದವನು ಇನ್ನೊಬ್ಬರ ಹೆಸರು ಹೇಳುತ್ತಲೇ ಇರುತ್ತಾನೆ. ಹೆಸರು ಮುಗಿದ ದಿನ ಅವನ ಉಪಯೋಗವೂ ಮುಗಿಯಿತಲ್ಲ.”

1840ರ ಹೊತ್ತಿಗೆ 3,689 ಮಂದಿಯ ವಿಚಾರಣೆಯ ಲೆಕ್ಕ ಮುಗಿದಿತ್ತು. ಅವರಲ್ಲಿ 466 ಮಂದಿಗೆ ಗಲ್ಲು, 1,504 ಮಂದಿಗೆ ಕಡಲಾಚೆಯ ಗಡೀಪಾರು, 933 ಮಂದಿಗೆ ಜೀವಾವಧಿ. ಬಿಡುಗಡೆಯಾದವರು ನೂರು ಮಂದಿಯೂ ಇಲ್ಲ. ದಾರಿಗಳಲ್ಲಿ ಕೊಲೆಗಳು ನಡೆಯುತ್ತಿದ್ದುದು ನಿಜ. ಅಗೆದಲ್ಲೆಲ್ಲ ಎಲುಬು ಸಿಕ್ಕಿದ್ದೂ ನಿಜ. ಕಾಳಿಯ ಹೆಸರಿನಲ್ಲಿ ದೇಶವಿಡೀ ಹಬ್ಬಿದ ಒಂದೇ ಗುಪ್ತ ಪಂಥ ಅದೆಂಬ ಸ್ಲೀಮನ್ನನ ಚಿತ್ರವನ್ನು ಮಾತ್ರ ಈಗಿನ ಇತಿಹಾಸಕಾರರಲ್ಲಿ ಅನೇಕರು ಒಪ್ಪುವುದಿಲ್ಲ. ಮರಾಠ ಯುದ್ಧಗಳ ನಂತರ ಕೆಲಸ ಕಳೆದುಕೊಂಡ ಸಿಪಾಯಿಗಳು, ಬೇಸಾಯದಿಂದ ಹೊಟ್ಟೆ ತುಂಬದ ರೈತರು, ಅವರಿಗೆ ಆಶ್ರಯ ಕೊಟ್ಟು ಪಾಲು ತೆಗೆದುಕೊಳ್ಳುತ್ತಿದ್ದ ಜಮೀನ್ದಾರರು ಸೇರಿದ ಬಿಡಿಬಿಡಿ ಗುಂಪುಗಳು ಅವೆಂದು ಅವರು ವಾದಿಸುತ್ತಾರೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಬೆಂಗಳೂರಿನ ಸುತ್ತ ಇಂಥ ಸುಮಾರು ನೂರು ಮಂದಿಯನ್ನು ಹಿಡಿದಾಗ ಬ್ರಿಟಿಷರು ಅವರನ್ನು ಮಾಮೂಲಿ ದರೋಡೆಕೋರರೆಂದೇ ಎಣಿಸಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಪಂಥದ ಕಥೆ ಬಂದದ್ದು ಆಮೇಲೆ. ಗುಂಪಿಗೆ ಸೇರಿದ್ದೇ ಅಪರಾಧ ಎಂಬ ಆ ತರ್ಕವೇ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಇನ್ನಷ್ಟು ಕ್ರೂರವಾಗಿ ಬೆಳೆಯಿತು.

ರಾತ್ರಿ ಖೋವಾ ಜಿಲೇಬಿ ತಿಂದೆವು. ಜಬಲ್ಪುರದ ಈ ಜಿಲೇಬಿ ಕಡುಕಪ್ಪು, ದಪ್ಪ, ಒಂದು ತಿಂದರೆ ಊಟ ಬೇಡ. ನಾನು ಎರಡು ತಿಂದೆ.

ಮೂರನೆಯ ದಿನ: ಸ್ಲೀಮನಾಬಾದ್

ಹೆದ್ದಾರಿ ಈಗ ಅಗಲವಾಗಿದೆ. ಜಬಲ್ಪುರ ಬಿಟ್ಟು ಸಿಹೋರಾ ದಾಟುವವರೆಗೆ ಹಸಿ ಬಟಾಣಿಯ ಮೂಟೆ ಹೇರಿದ ಲಾರಿಗಳು ಸಾಲಾಗಿ ಬಂದವು. ಜನವರಿ ಇಲ್ಲಿ ಬಟಾಣಿಯ ಸುಗ್ಗಿ. ಬಸ್ಸಿನಲ್ಲಿ ನಮ್ಮ ಪಕ್ಕ ಕುಳಿತಿದ್ದಾತ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ನಮ್ಮ ಮಡಿಲಿಗೆ ಹಾಕಿದ. ಬಿಡಿಸಿ ತಿನ್ನುತ್ತ ಸ್ಲೀಮನಾಬಾದ್ ತಲುಪಿದೆವು. ರೈಲಿನಲ್ಲಿ ಬರುವವರಿಗೆ ಸ್ಲೀಮನಾಬಾದ್ ರೋಡ್ ಎಂಬ ನಿಲ್ದಾಣವಿದೆ, ಆದರೆ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ಬಸ್ಸೇ ಅನುಕೂಲ.

ಊರು ಸಾಮಾನ್ಯವಾದದ್ದು. ಅಮೃತಶಿಲೆಯ ಲಾರಿಗಳ ಬಿಳಿ ಧೂಳು, ಮೊಬೈಲ್ ಅಂಗಡಿಗಳು, ಸಮೋಸಾ ಕರಿಯುವ ಬಾಣಲೆಗಳು. ಜನ ಮಾತಾಡುತ್ತಿದ್ದುದು ಸ್ಲೀಮನ್ನನ ಬಗ್ಗೆ ಅಲ್ಲ, ಸುರಂಗದ ಬಗ್ಗೆ. ಬರ್ಗಿ ಅಣೆಕಟ್ಟಿನಿಂದ ನರ್ಮದೆಯ ನೀರನ್ನು ಕಟನಿ-ಸತನಾ ಕಡೆಗೆ ಒಯ್ಯಲು ಈ ಊರಿನ ಬಳಿ ಸುಮಾರು 12 ಕಿಲೋಮೀಟರ್ ಉದ್ದದ ಸುರಂಗವನ್ನು ಕೊರೆಯಲು 2011ರಲ್ಲಿ ಯಂತ್ರ ಇಳಿಸಿದರು. ಅದು ವರ್ಷಗಟ್ಟಲೆ ಕುಂಟುತ್ತ ಸಾಗಿದ ಕಥೆಯನ್ನು ಸಮೋಸಾದವನು ನಾವು ಕೇಳುವ ಮೊದಲೇ ಶುರುಮಾಡಿದ.

ಪೊಲೀಸ್ ಠಾಣೆಯ ಆವರಣದಲ್ಲಿ ಸ್ಲೀಮನ್ನನ ಸ್ಮಾರಕವಿದೆ. ಠಾಣೆಗೆ ಹೋಗುವಾಗ ಎಲ್ಲರಿಗೂ ಇರುವ ಅಳುಕು ನನಗಿತ್ತು. ಭಾವ ಮಾತ್ರ ತವರಿಗೆ ಬಂದವರ ಹಾಗೆ ನೇರವಾಗಿ ನಡೆದು, ತಮ್ಮ ನಿವೃತ್ತಿಯ ಗುರುತಿನ ಚೀಟಿ ತೋರಿಸಿದರು. ಕರ್ತವ್ಯದಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಎದ್ದು ನಿಂತು ಕುರ್ಚಿ ಹಾಕಿಸಿದರು. ವಿದೇಶದಿಂದ ಸ್ಲೀಮನ್ ಮನೆತನದವರು ಬಂದು ಹೋಗಿದ್ದನ್ನು ಹೇಳಿದರು. ಊರಿನ ಗುಡಿಯ ದೀಪದ ವಿಷಯ ತೆಗೆದವರೂ ಅವರೇ. ಮಕ್ಕಳಿಲ್ಲದ ಸ್ಲೀಮನ್ ದಂಪತಿ ಇಲ್ಲಿ ಹರಕೆ ಹೊತ್ತರು, ಮಗ ಹುಟ್ಟಿದ, ಆ ಸಂತೋಷಕ್ಕೆ ಸಾಹೇಬ ಗುಡಿಯಲ್ಲಿ ದೀಪ ಉರಿಯಲು ಏರ್ಪಾಟು ಮಾಡಿ ಊರಿಗೆ ಭೂಮಿ ಬಿಟ್ಟುಕೊಟ್ಟ ಎಂಬುದು ಊರಿನವರ ಹೇಳಿಕೆ. ನಾವು ಹೋದಾಗ ಪೂಜಾರಿ ಊಟಕ್ಕೆ ಹೋಗಿದ್ದರು, ಗುಡಿಗೆ ಚಿಲಕ ಹಾಕಿತ್ತು. ಹೋಗುವವರು ಹನ್ನೊಂದು ಗಂಟೆಯೊಳಗೆ ತಲುಪಿದರೆ ದೀಪ ನೋಡಬಹುದು.

ಗುಡಿಯ ಕಟ್ಟೆಯಲ್ಲಿ ಕುಳಿತು, ಸಾಗರದ ದಾರಿಯಲ್ಲಿ ಸಲೋಡಾ ಎಂಬ ಕಡೆ ನಡೆದದ್ದನ್ನು ಭಾವನವರಿಗೆ ಹೇಳಿದೆ. ಸ್ಲೀಮನ್ ತುಂಬುಗರ್ಭಿಣಿ ಹೆಂಡತಿಯೊಡನೆ ಅಲ್ಲಿನ ತೋಪಿನಲ್ಲಿ ಡೇರೆ ಹಾಕಿದ್ದ ಎಂದು ಕೆಲವರು ಬಣ್ಣ ಕಟ್ಟುವುದುಂಟು. ಆತನೇ ಬರೆದಷ್ಟನ್ನು ಹೇಳಿದರೆ ಸಾಕು. ಸೆರೆಸಿಕ್ಕಿದ್ದ ಫಿರಂಗಿಯಾ ಅದೇ ತೋಪಿನಲ್ಲಿ ಹೆಣಗಳಿವೆ ಎಂದ. ಅಗೆದಾಗ 1818ರಲ್ಲಿ ಕೊಂದ ಪಂಡಿತನೊಬ್ಬ ಮತ್ತು ಅವನ ಆರು ಮಂದಿ ಆಳುಗಳ ಎಲುಬು ಡೇರೆಯ ಹಗ್ಗಗಳ ನಡುವೆ ಸಿಕ್ಕವು. 1824ರಲ್ಲಿ ಕೊಂದ ಹವಾಲ್ದಾರ ಮತ್ತು ಸಿಪಾಯಿಗಳದು ಕುದುರೆಗಳನ್ನು ಕಟ್ಟಿದ್ದ ಜಾಗದ ಕೆಳಗಿದ್ದವು. ಗಂಗಾಜಲ ಹೊತ್ತು ತರುತ್ತಿದ್ದ ಬ್ರಾಹ್ಮಣರು ಮತ್ತು ಒಬ್ಬ ಹೆಂಗಸು ಮಲಗುವ ಡೇರೆಯ ಒಳಗೇ ಇದ್ದರು. ಇಡೀ ಹೇಳಿಕೆಯನ್ನು ನೆಲವೇ ಎತ್ತಿಹಿಡಿದ ಇಂಥ ಘಟನೆಗಳಿಂದ ಮಾಫಿ ಸಾಕ್ಷಿಯ ಮೇಲೆ ಸ್ಲೀಮನ್ನನ ನಂಬಿಕೆ ಕುದುರಿತು. ಭಾವ ಬಹಳ ಹೊತ್ತು ಯೋಚಿಸಿ, “ಇದು ಸಾಕ್ಷಿ. ಎಲುಬು ಸಿಕ್ಕ ಮೇಲೆ ನಾನೂ ನಂಬುತ್ತೇನೆ. ಆದರೆ ಕೊಂದವನು ಯಾರು ಎಂದು ಎಲುಬು ಹೇಳುವುದಿಲ್ಲ” ಎಂದರು.

ಇನ್ನೂ ಉತ್ತರಕ್ಕೆ, ಮೈಹರ್ ಕಡೆಯ ಜೂರಾದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕನ್ನಡ ಶಾಸನ ಸಿಕ್ಕಿದೆ. ಇಷ್ಟು ದೂರ ಬಂದ ಕನ್ನಡಿಗರಿಗೆ ಅದರ ಸೆಳೆತ ಸಹಜ, ಆದರೆ ನಮಗೆ ಲಖನೌ ರೈಲು ಕಾದಿತ್ತು.

ಕೊನೆಯ ದಿನ: ಲಖನೌ

ಮಂಜಿನಿಂದಾಗಿ ರೈಲು ರಾತ್ರಿಯಿಡೀ ತೆವಳಿ, ಬೆಳಿಗ್ಗೆ ಮುಟ್ಟಬೇಕಾದದ್ದು ಮಧ್ಯಾಹ್ನ ಮುಟ್ಟಿಸಿತು. ಜನವರಿಯಲ್ಲಿ ಉತ್ತರಕ್ಕೆ ಹೋಗುವವರು ಅದೇ ದಿನದ ಮುಂದಿನ ಟಿಕೆಟ್ ಇಟ್ಟುಕೊಳ್ಳಬಾರದು. ಚೌಕಿನ ಬಳಿ ಮುಂಜಾನೆ ಮಾರುವ ಮಕ್ಖನ್ ಮಲಾಯಿ ಆಗಲೇ ಕರಗಿ ಖಾಲಿಯಾಗಿತ್ತು. ಪೂರಿ ಪಲ್ಯ ತಿಂದು, ನವಾಬರ ಕಾಲದಲ್ಲಿ ಕಂಪನಿಯ ಪ್ರತಿನಿಧಿಯಾದ ರೆಸಿಡೆಂಟ್ ವಾಸವಿದ್ದ ರೆಸಿಡೆನ್ಸಿಗೆ ನಡೆದೆವು.

1841ರಲ್ಲೇ ಸ್ಲೀಮನ್ನನಿಗೆ ಲಖನೌ ರೆಸಿಡೆಂಟನ ಹುದ್ದೆ ಒದಗಿಬಂದಿತ್ತು. ಬ್ಯಾಂಕು ಮುಳುಗಿ ಉಳಿತಾಯವನ್ನೆಲ್ಲ ಕಳೆದುಕೊಂಡಿದ್ದ ಕರ್ನಲ್ ಲೋ ಆ ಹುದ್ದೆಯಲ್ಲಿ ಮುಂದುವರಿಯಲೆಂದು ಆತ ಅದನ್ನು ಬಿಟ್ಟುಕೊಟ್ಟ. ಠಗ್ಗರ ದಮನಕ್ಕಿಂತ ಈ ಒಂದು ಸಂಗತಿ ಆ ಮನುಷ್ಯನನ್ನು ನನಗೆ ಹತ್ತಿರ ಮಾಡುತ್ತದೆ. ಗ್ವಾಲಿಯರ್‌ನಲ್ಲಿ ಆರು ವರ್ಷ ಕಳೆದ ಮೇಲೆ, 1849ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಆತನನ್ನು ಕೊನೆಗೂ ಇಲ್ಲಿಗೆ ಕಳಿಸಿದ. ಆ ಚಳಿಗಾಲದಲ್ಲಿ ಸ್ಲೀಮನ್ ಮೂರು ತಿಂಗಳು, ಲಖನೌ ರಾಜಧಾನಿಯಾಗಿದ್ದ ಅವಧ್ ರಾಜ್ಯವನ್ನು ಸುತ್ತಿ ರೈತರ ದೂರುಗಳನ್ನೂ ತಾಲ್ಲೂಕುದಾರರೆಂಬ ದೊಡ್ಡ ಜಮೀನ್ದಾರರ ದಬ್ಬಾಳಿಕೆಯನ್ನೂ ದಿನಚರಿಯಲ್ಲಿ ದಾಖಲಿಸಿದ. ಆಡಳಿತ ಕೆಟ್ಟಿದೆ, ಅದನ್ನು ಸರಿಪಡಿಸಲು ಕಂಪನಿ ಕೈಹಾಕಬೇಕು ಎಂಬುದು ಅವನ ಅಭಿಪ್ರಾಯ. ರಾಜ್ಯವನ್ನು ನುಂಗುವುದಕ್ಕೆ ಮಾತ್ರ ಆತ ವಿರೋಧಿ. ಅವಧನ್ನು ವಶಪಡಿಸಿಕೊಂಡರೆ ಅಂಥ ಹತ್ತು ರಾಜ್ಯಗಳ ಬೆಲೆಗಿಂತ ಹೆಚ್ಚು ತೆರಬೇಕಾಗುತ್ತದೆ, ಸಿಪಾಯಿಗಳು ದಂಗೆ ಏಳುತ್ತಾರೆ ಎಂದು ಎಚ್ಚರಿಸಿದ್ದ. ಕಲ್ಕತ್ತೆಯವರು ದೂರುಗಳ ಭಾಗವನ್ನು ಇಟ್ಟುಕೊಂಡು ಎಚ್ಚರಿಕೆಯ ಭಾಗವನ್ನು ಬದಿಗಿಟ್ಟರು.

1854ರಲ್ಲಿ ಆರೋಗ್ಯ ಮುರಿಯಿತು. ಬೆಟ್ಟದ ಹವೆಯೂ ಫಲಿಸದೆ, ವೈದ್ಯರು ಇಂಗ್ಲೆಂಡಿಗೆ ಹೊರಡಲು ಹೇಳಿದರು. ಕಲ್ಕತ್ತೆಯಿಂದ ಹೊರಟ ಮೊನಾರ್ಕ್ ಹಡಗಿನಲ್ಲಿ, ಸಿಂಹಳದ ಬಳಿ, 1856ರ ಫೆಬ್ರುವರಿ 10ರಂದು ಸ್ಲೀಮನ್ ತೀರಿಕೊಂಡ. ಆಗ ಆತನಿಗೆ 67 ವರ್ಷ. ಹೆಣವನ್ನು ಕಡಲಿಗೆ ಇಳಿಸಿದರು. ಕೆಲವೇ ದಿನಗಳ ಹಿಂದೆ ಆತನಿಗೆ ಸರ್ ಪದವಿ ಪ್ರಕಟವಾಗಿತ್ತು. ಅದೇ ಫೆಬ್ರುವರಿಯಲ್ಲಿ, ಇದೇ ಲಖನೌದಲ್ಲಿ, ಆತನ ಜಾಗಕ್ಕೆ ಬಂದಿದ್ದ ಔಟ್ರಮ್ ನವಾಬ ವಾಜಿದ್ ಅಲಿ ಶಾಹನನ್ನು ಇಳಿಸಿ ಅವಧನ್ನು ವಶಪಡಿಸಿಕೊಂಡಿದ್ದ. ಮರುವರ್ಷ ಜೂನ್ 30ರಂದು ಬಂಡೆದ್ದ ಸಿಪಾಯಿಗಳು ರೆಸಿಡೆನ್ಸಿಗೆ ಮುತ್ತಿಗೆ ಹಾಕಿದರು.

ಫಿರಂಗಿ ಗುಂಡಿನ ತೂತುಗಳಿರುವ ಗೋಡೆಗಳ ನಡುವೆ, ಹುಲ್ಲುಹಾಸಿನ ಮೇಲೆ ಕಾಲೇಜು ಹುಡುಗ ಹುಡುಗಿಯರು ಬಿಸಿಲು ಕಾಯಿಸುತ್ತಿದ್ದರು. ಭಾವ ಚೆನ್ನಾಗಿ ದಣಿದಿದ್ದರೂ ಸ್ಲೀಮನ್ನನ ದಿನಚರಿಯ ಕಥೆಯನ್ನು ಬಿಡಲಿಲ್ಲ. “ಎಷ್ಟು ವರದಿ ಬರೆದಿದ್ದೇನೆ ನಾನು. ಮೇಲಿನವರಿಗೆ ಬೇಕಾದದ್ದು ಸಂಗತಿ, ಶಿಫಾರಸು ಅಲ್ಲ” ಎಂದರು. ಬೇರೆಯವರ ಹೇಳಿಕೆಯಿಂದ ತನಗೆ ಬೇಕಾದಷ್ಟನ್ನು ಆರಿಸಿ ಕಾನೂನು ಕಟ್ಟಿದವನ ಹೇಳಿಕೆಯನ್ನೇ ಅವನ ಮೇಲಿನವರು ಹಾಗೆ ಬಳಸಿದರಲ್ಲ ಎಂದೆ. ಅದನ್ನು ಅವರು ಒಪ್ಪಲಿಲ್ಲ. ಅವನು ಅಗೆದು ನೋಡುತ್ತಿದ್ದ, ಇವರು ನೋಡಲಿಲ್ಲ ಎಂಬುದು ಅವರ ವಾದ. ಅಲ್ಲಿ ನಮ್ಮ ಮಾತು ನಿಂತಿತು.

ಸ್ಮಶಾನದ ಕಡೆ ಸಾಗುತ್ತಿದ್ದ ನಮ್ಮನ್ನು ಕಾವಲುಗಾರ ತಡೆದು ಯಾವ ಸಾಹೇಬನ ಗೋರಿ ಹುಡುಕುತ್ತೀರಿ ಎಂದು ವಿಚಾರಿಸಿದ. ಸ್ಲೀಮನ್ ಎಂದೆವು. ಆತ ತಲೆ ಕೆರೆದುಕೊಂಡು, “ಆ ಹೆಸರಿನವರು ಇಲ್ಲಿಲ್ಲ, ಲಾರೆನ್ಸ್ ಸಾಹೇಬರು ಇದ್ದಾರೆ, ನೋಡುತ್ತೀರಾ?” ಎಂದ. ಐದು ಗಂಟೆಗೆ ಗೇಟು ಮುಚ್ಚುತ್ತೇವೆ, ಬೇಗ ಹೋಗಿ ಬನ್ನಿ ಎಂದೂ ಸೇರಿಸಿದ. ಮುತ್ತಿಗೆಯಲ್ಲಿ ಸತ್ತ ಹೆನ್ರಿ ಲಾರೆನ್ಸನ ಗೋರಿ ನೋಡಿ ಹೊರಬಿದ್ದೆವು.